ದಾವೆಯ ವಾಯಿದೆಯೂ ಧೂಳಿನ ರೋಗವೂ

ದಾವೆ ಹೂಡುವುದಕ್ಕೆ ಒಂದು ವಾಯಿದೆ ಇರತಕ್ಕದ್ದೆಂಬುದು ಬಹು ಹಳೆಯ ನ್ಯಾಯತತ್ತ್ವ. ಸಾಕ್ಷಿಗಳು ಸಾಯುತ್ತಾರೆ, ಕಾಗದಪತ್ರಗಳು ಗೆದ್ದಲಿಗೆ ಆಹಾರವಾಗುತ್ತವೆ. ಪ್ರತಿವಾದಿಯು ಜೀವಮಾನವೆಲ್ಲ ವ್ಯಾಜ್ಯದ ಭಯದಲ್ಲಿರಲಾಗದು. ಇದನ್ನು ನಾವು ಒಪ್ಪುತ್ತೇವೆ. ಆದರೆ ಕೆಲಸದಲ್ಲಿ ಗಾಯಗೊಂಡ ಕೂಲಿಕಾರನ ಪಾಲಿಗೆ ಈ ತತ್ತ್ವವು ಹೇಗೆ ನಡೆದುಬಂದಿತೆಂಬುದನ್ನು ನೋಡಿದಾಗ ನಮ್ಮ ಒಪ್ಪಿಗೆ ಸ್ವಲ್ಪ ಅಲುಗಾಡುತ್ತದೆ.

1880ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಯಜಮಾನರ ಹೊಣೆಗಾರಿಕೆಯ ಕಾಯಿದೆಯನ್ನು ಮಾಡಿತು. ಪೆಟ್ಟು ಬಿದ್ದ ಆರು ವಾರಗಳೊಳಗೆ ನೋಟೀಸು ಕೊಡಬೇಕು, ಆರು ತಿಂಗಳೊಳಗೆ ದಾವೆ ಹೂಡಬೇಕು. ಮರಣವಾಗಿದ್ದರೆ ಹನ್ನೆರಡು ತಿಂಗಳು. ಕಾಲು ಮುರಿದು ಹಾಸಿಗೆ ಹಿಡಿದವನು, ಎದ್ದಮೇಲೆ ಅದೇ ಯಜಮಾನನಲ್ಲಿ ಕೆಲಸ ಬೇಡಬೇಕಾದವನು, ಆರು ವಾರಗಳಲ್ಲಿ ನೋಟೀಸು ಬರೆಯಿಸುವನೆ? 1897ರ ಪರಿಹಾರದ ಕಾಯಿದೆಯು ನೋಟೀಸಿನ ವಿಚಾರದಲ್ಲಿ ಸಡಿಲವಾಯಿತು. ಆರು ತಿಂಗಳ ಗಡುವು ಮಾತ್ರ ನಿಂತಿತು.

ಆದರೂ ಕಾಲು ಮುರಿದದ್ದಕ್ಕೆ ಒಂದು ದಿನವುಂಟು. ಧೂಳಿಗೆ ಅದಿಲ್ಲ. ಸಿಲಿಕದ ಸೂಕ್ಷ್ಮ ಕಣಗಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶವನ್ನು ಹತ್ತಿಪ್ಪತ್ತು ವರ್ಷಗಳಲ್ಲಿ ಗಂಟುಗಂಟಾಗಿ ಬಿಗಿಸುತ್ತವೆ. ಅಷ್ಟರವರೆಗೆ ಆ ಮನುಷ್ಯನು ತಾನು ಆರೋಗ್ಯವಂತನೆಂದೇ ತಿಳಿದಿರುತ್ತಾನೆ. ವಾಯಿದೆಯನ್ನು ಯಾವ ದಿನದಿಂದ ಎಣಿಸಬೇಕು?

ಅಮೆರಿಕದಲ್ಲಿ ಒಬ್ಬ ರೈಲ್ವೆ ಫೈರ್‌ಮನ್ ಸುಮಾರು ಮೂವತ್ತು ವರ್ಷ ಎಂಜಿನುಗಳಲ್ಲಿ ದುಡಿದನು. ಚಕ್ರಗಳು ಜಾರದಿರಲೆಂದು ಹಳಿಗಳ ಮೇಲೆ ಚೆಲ್ಲುತ್ತಿದ್ದ ಮರಳಿನ ಧೂಳು ಅವನೆದೆಯನ್ನು ಸೇರಿತು. 1940ರಲ್ಲಿ ಕೆಲಸಕ್ಕೆ ಅಶಕ್ತನಾಗಿ, ಮರುವರ್ಷ ದಾವೆ ಹೂಡಿದನು. ಧೂಳು ಹೊಕ್ಕಿದ್ದು ಎಂದೋ, ಮೂರು ವರ್ಷಗಳ ವಾಯಿದೆ ಕಳೆದುಹೋಗಿದೆ ಎಂದು ಪ್ರತಿವಾದ ಬಂದಿತು. ಯೂರಿ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, 1949ರಲ್ಲಿ, ರೋಗವು ಪ್ರಕಟವಾದಾಗಲೇ ಎಣಿಕೆ ಆರಂಭವೆಂದು ತೀರ್ಮಾನಿಸಿತು.

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರ ದೊರೆಯಿತು. ಉಕ್ಕಿನ ಎರಕವನ್ನು ನಯಮಾಡುತ್ತಿದ್ದ ಕೆಲಸಗಾರರು ಅದೇ ರೋಗಕ್ಕೆ ತುತ್ತಾಗಿ 1956ರಲ್ಲಿ ನ್ಯಾಯಸ್ಥಾನಕ್ಕೆ ಹೋದರು. ಲಾರ್ಡ್ಸ್ ಸಭೆಯು 1963ರಲ್ಲಿ, ಅವರಿಗೆ ತಿಳಿಯದಿದ್ದರೂ ಹಾನಿಯು ಒಳಗೆ ಆಗಿಯೇ ಹೋಗಿತ್ತು, ಆದ್ದರಿಂದ ಆರು ವರ್ಷಗಳ ವಾಯಿದೆ ಮೀರಿತು ಎಂದಿತು. ತೀರ್ಪಿತ್ತವರಿಗೇ ಇದು ಅನುಚಿತವೆನ್ನಿಸಿತ್ತು. ಶಾಸನದ ಮಾತು ಅವರ ಕೈಕಟ್ಟಿತ್ತು. ಪಾರ್ಲಿಮೆಂಟು ಅದೇ ವರ್ಷ ಕಾಯಿದೆಯನ್ನು ತಿದ್ದಿತು. 1980ರ ಕಾಯಿದೆಯಲ್ಲಿ, ತಿಳಿದುಬಂದ ದಿನದಿಂದಲೂ ಮೂರು ವರ್ಷಗಳನ್ನೆಣಿಸಲು ಅವಕಾಶವಾಯಿತು.

ನಮ್ಮಲ್ಲಿ 1923ರ ಪರಿಹಾರದ ಕಾಯಿದೆಯು ಮೊದಲು ಆರು ತಿಂಗಳನ್ನು ಕೊಟ್ಟು, ಕಾಲಕ್ರಮದಲ್ಲಿ ಎರಡು ವರ್ಷಕ್ಕೆ ಏರಿತು. ರೋಗಕ್ಕೆ ಅದು ಒಂದು ದಿನವನ್ನು ಕಲ್ಪಿಸಿಕೊಟ್ಟದ್ದು ನಮಗೆ ಜಾಣತನವಾಗಿಯೇ ತೋರುತ್ತದೆ: ಕೆಲಸಗಾರನು ಅಶಕ್ತತೆಯಿಂದ ಎಡೆಬಿಡದೆ ಗೈರುಹಾಜರಾದ ಮೊದಲನೆಯ ದಿನವೇ ಅಪಘಾತದ ದಿನ. ಆದರೆ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರಲ್ಲಿ ಎಷ್ಟೋ ಮಂದಿ ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದವರು. ಗಣಿಯನ್ನು ಬಿಟ್ಟು ಊರು ಸೇರಿದಮೇಲೆ ಕೆಮ್ಮು ಹಿಡಿದವನಿಗೆ ಗೈರುಹಾಜರಿಯ ದಿನವೆಲ್ಲಿಯದು? ಮುಂದೆ ಕಾಯಿದೆಗೆ ಇದಕ್ಕೂ ಒಂದು ತಿದ್ದುಪಡಿ ಸೇರಿತು: ಕೆಲಸ ಬಿಟ್ಟ ಎರಡು ವರ್ಷಗಳೊಳಗೆ ರೋಗದ ಚಿಹ್ನೆಗಳು ತೋರಿದರೆ, ತೋರಿದ ದಿನವೇ ಅಪಘಾತದ ದಿನ. ಹತ್ತು ವರ್ಷಗಳ ಮೇಲೆ ತೋರುವ ರೋಗಕ್ಕೆ ಎರಡು ವರ್ಷ!