ಸೌಂದರ್ಯ ದಂತಚಿಕಿತ್ಸೆ

ಹಲ್ಲಿನ ಬಣ್ಣ, ಆಕಾರ, ಸಾಲು ಹಾಗೂ ವಸಡಿನ ಅಂಚನ್ನು ತಿದ್ದಿ ನಗುವನ್ನು ಚೆಂದಗಾಣಿಸುವ ಚಿಕಿತ್ಸೆಗಳ ಒಟ್ಟು ಹೆಸರು. ನೋವು ನಿಲ್ಲಿಸುವುದು, ಹುಳುಕು ತುಂಬುವುದು, ಅಗಿಯುವ ಶಕ್ತಿ ಉಳಿಸುವುದು ದಂತವೈದ್ಯದ ಮೂಲ ಕೆಲಸ. ಇಲ್ಲಿ ನೋಟಕ್ಕೆ ಮೊದಲ ಸ್ಥಾನ. ಎರಡರ ನಡುವಿನ ಗೆರೆ ಗಟ್ಟಿಯಾದುದಲ್ಲ. ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡ ಹುಡುಗನಿಗೆ ಅದನ್ನು ಕಟ್ಟಿಕೊಡುವುದು ಎರಡೂ ಕಡೆಗೆ ಸೇರುತ್ತದೆ. ಭಾರತದಲ್ಲಿ ಇದಕ್ಕೆಂದು ಪ್ರತ್ಯೇಕ ಎಂ.ಡಿ.ಎಸ್. ವಿಭಾಗವಿಲ್ಲ. ಹುಳುಕು ಮತ್ತು ಬೇರುನಾಳದ ತಜ್ಞರು, ಕ್ಯಾಪ್ ಹಾಗೂ ಹಲ್ಲಿನ ಸೆಟ್ ಮಾಡುವವರು, ಕ್ಲಿಪ್ ಹಾಕುವವರು, ವಸಡಿನ ತಜ್ಞರು ತಮ್ಮ ತಮ್ಮ ಪಾಲನ್ನು ಮಾಡುತ್ತಾರೆ. 'ಕಾಸ್ಮೆಟಿಕ್ ಡೆಂಟಿಸ್ಟ್' ಎಂಬ ಫಲಕ ಕಂಡರೆ ಅದನ್ನು ಪದವಿಯೆಂದು ತಿಳಿಯಬೇಕಿಲ್ಲ.

ಎನಾಮಲ್ ಮತ್ತು ಬಣ್ಣ

ಹಲ್ಲಿನ ಹೊರಕವಚವಾದ ಎನಾಮಲ್ ಮನುಷ್ಯದೇಹದ ಅತ್ಯಂತ ಗಟ್ಟಿ ವಸ್ತು. ತೂಕದಲ್ಲಿ ಅದರ ಸುಮಾರು ಶೇ. 96 ಭಾಗ ಖನಿಜ. ದವಡೆಹಲ್ಲಿನ ಉಬ್ಬುಗಳ ಮೇಲೆ ಸುಮಾರು 2.5 ಮಿ.ಮೀ. ದಪ್ಪವಿರುವ ಈ ಪದರ ವಸಡಿನತ್ತ ಬರುತ್ತ ತೀರ ತೆಳುವಾಗುತ್ತದೆ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟಿ ಹೊರಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಉಜ್ಜಿ ತೆಗೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಯಾವುದೇ ಸೌಂದರ್ಯ ಚಿಕಿತ್ಸೆಯ ನಿಜವಾದ ಬೆಲೆ ಬಿಲ್ಲಿನಲ್ಲಿ ಬರೆದಿರುವುದಷ್ಟೇ ಅಲ್ಲ, ಅದಕ್ಕಾಗಿ ತೆತ್ತ ಎನಾಮಲ್ ಕೂಡ. ಚಿಕಿತ್ಸೆಗಳನ್ನು ಮುಂದೆ ಈ ಲೆಕ್ಕದಲ್ಲೇ ಅಗ್ಗದಿಂದ ದುಬಾರಿಯತ್ತ ವಿವರಿಸಿದೆ.

ಎನಾಮಲ್ ಅರೆಪಾರದರ್ಶಕ. ಕಣ್ಣಿಗೆ ಕಾಣುವ ಬಣ್ಣ ಬಹುಪಾಲು ಅದರಡಿಯ ಡೆಂಟಿನ್‌ನದು, ಮತ್ತು ಡೆಂಟಿನ್ ಹುಟ್ಟಿನಿಂದಲೇ ತಿಳಿಹಳದಿ. ವಯಸ್ಸಾದಂತೆ ಎನಾಮಲ್ ಸವೆದು ತೆಳುವಾಗುತ್ತದೆ, ಒಳಗೆ ಡೆಂಟಿನ್ ದಪ್ಪವಾಗುತ್ತದೆ, ಹಲ್ಲು ಇನ್ನಷ್ಟು ಹಳದಿಯಾಗುತ್ತದೆ. ಕೋರೆಹಲ್ಲು ಅಕ್ಕಪಕ್ಕದ ಹಲ್ಲುಗಳಿಗಿಂತ ಹಳದಿಯಾಗಿ ಕಾಣುವುದೂ ಸಹಜವೇ. ಅಂದರೆ ಆರೋಗ್ಯವಾದ ಹಲ್ಲು ಕಾಗದದಂತೆ ಬೆಳ್ಳಗಿರಬೇಕೆಂದೇನೂ ಇಲ್ಲ; ಜಾಹೀರಾತುಗಳು ಕಲಿಸಿದ ಈ ನಿರೀಕ್ಷೆಯೇ ಅರ್ಧ ಗಿರಾಕಿಗಳನ್ನು ಕ್ಲಿನಿಕ್ಕಿಗೆ ತರುತ್ತದೆ.

ಕಲೆಗಳಲ್ಲಿ ಎರಡು ಬಗೆ. ಕಾಫಿ, ಟೀ, ಎಲೆಅಡಿಕೆ, ಹೊಗೆಸೊಪ್ಪು, ಕ್ಲೋರ್‌ಹೆಕ್ಸಿಡಿನ್ ಇರುವ ಬಾಯಿ ಮುಕ್ಕಳಿಸುವ ಔಷಧ ಇವೆಲ್ಲ ಹೊರಮೈಯಲ್ಲಿ ಕೂರುತ್ತವೆ. ಫ್ಲೋರೈಡ್ ಹೆಚ್ಚಿರುವ ನೀರು, ಎಂಟು ವರ್ಷದೊಳಗೆ ಸೇವಿಸಿದ ಟೆಟ್ರಾಸೈಕ್ಲಿನ್ ಮಾತ್ರೆ, ಪೆಟ್ಟು ಬಿದ್ದು ಒಳಗಿನ ನರ ಸತ್ತದ್ದು ಇವು ಹಲ್ಲಿನ ಒಡಲಲ್ಲೇ ಕಲೆಯನ್ನು ಉಳಿಸುತ್ತವೆ. ಮೊದಲನೆಯದನ್ನು ತೊಳೆಯಬಹುದು, ಎರಡನೆಯದು ಉಜ್ಜಿದರೆ ಹೋಗುವುದಿಲ್ಲ.

ಅಂದದ ಅಳತೆ

ಬಿಳಿ ಹಲ್ಲೇ ಅಂದ ಎಂಬುದು ಎಲ್ಲ ಕಾಲದ ಮಾತಲ್ಲ. ಜಪಾನಿನ ಕುಲೀನ ಹೆಂಗಸರು ಕಬ್ಬಿಣದ ದ್ರಾವಣಕ್ಕೆ ಟ್ಯಾನಿನ್ ಬೆರೆಸಿ ಹಲ್ಲಿಗೆ ಕಡುಗಪ್ಪು ಬಳಿದುಕೊಳ್ಳುತ್ತಿದ್ದರು. ಒಹಗುರೊ ಎಂಬ ಈ ಪದ್ಧತಿಯನ್ನು ಮೇಲ್ವರ್ಗದವರಿಗೆ ನಿಷೇಧಿಸಿದ್ದು 1870ರಲ್ಲಿ. 1873ರಲ್ಲಿ ಸಾಮ್ರಾಜ್ಞಿಯೇ ಬಿಳಿ ಹಲ್ಲಿನಲ್ಲಿ ಕಾಣಿಸಿಕೊಂಡ ಮೇಲೆ ಅದು ಹಿಂದೆ ಸರಿಯಿತು. ಉತ್ತರ ಭಾರತ ಮತ್ತು ದಖನ್ನಿನ ಹೆಂಗಸರು ಮಿಸ್ಸಿ ಎಂಬ ಕಪ್ಪು ಪುಡಿಯಿಂದ ವಸಡು ಮತ್ತು ಹಲ್ಲಿನ ಸಂದುಗಳನ್ನು ಸಿಂಗರಿಸಿಕೊಳ್ಳುತ್ತಿದ್ದರು. ಮಧ್ಯ ಅಮೆರಿಕದ ಮಾಯಾ ಜನ ಮೇಲಿನ ಮುಂದಿನ ಹಲ್ಲುಗಳಲ್ಲಿ ಗುಂಡನೆಯ ಕುಳಿ ಕೊರೆದು ಹಸಿರು ಜೇಡ್ ಕಲ್ಲನ್ನು ಕೂರಿಸುತ್ತಿದ್ದರು. ನಮ್ಮಲ್ಲೂ ಒಂದು ಕಾಲಕ್ಕೆ ಮುಂದಿನ ಹಲ್ಲಿಗೆ ಚಿನ್ನದ ಕ್ಯಾಪ್ ಹಾಕಿಸುವುದು ಸ್ಥಿತಿವಂತರ ಲಕ್ಷಣವಾಗಿತ್ತು.

ಸುಶ್ರುತಸಂಹಿತೆ ಹೆಸರಿಸುವ ಎಂಟು ದಂತರೋಗಗಳಲ್ಲಿ ಗಟ್ಟಿ ಪಾಚಿಯಾದ ದಂತಶರ್ಕರ, ಹಲ್ಲು ಕಪ್ಪಿಡುವ ಶ್ಯಾವದಂತ ಎರಡೂ ಇವೆ. ಅದರ ಶಸ್ತ್ರಗಳ ಪಟ್ಟಿಯಲ್ಲಿ ಹಲ್ಲಿನ ಪಾಚಿ ಕೆರೆಯಲು ದಂತಶಂಕು ಇದೆ. ಇಂದಿನ ಕ್ಲಿನಿಕ್ಕಿನಲ್ಲೂ ಮೊದಲ ಹೆಜ್ಜೆ ಅದೇ ಕೆರೆಯುವಿಕೆ; ಉಪಕರಣ ಮಾತ್ರ ಅಲ್ಟ್ರಾಸಾನಿಕ್.

ಅಂಟುವ ವಿದ್ಯೆ

ಆಧುನಿಕ ಸೌಂದರ್ಯ ದಂತಚಿಕಿತ್ಸೆಯ ಮೊದಲ ಅಧ್ಯಾಯ ಹಾಲಿವುಡ್‌ನದು. 1920ರ ದಶಕದ ಕೊನೆಯಿಂದ ಚಾರ್ಲ್ಸ್ ಪಿಂಕಸ್ ಎಂಬ ಕ್ಯಾಲಿಫೋರ್ನಿಯಾದ ದಂತವೈದ್ಯ ಸಿನಿಮಾ ನಟರ ಹಲ್ಲಿನ ಮೇಲೆ ತೆಳು ಹೊದಿಕೆಗಳನ್ನು ಕೂರಿಸುತ್ತಿದ್ದ. ಹಾಲುಹಲ್ಲು ಬೀಳುವ ವಯಸ್ಸಿನ ಬಾಲನಟಿ ಶರ್ಲಿ ಟೆಂಪಲ್‌ಗೂ ಇಂಥವನ್ನು ಮಾಡಿಕೊಟ್ಟ. ಹಲ್ಲಿನ ಸೆಟ್ಟಿಗೆ ಬಳಸುವ ಅಂಟುಪುಡಿಯಿಂದ ನಿಲ್ಲುತ್ತಿದ್ದ ಅವು ಚಿತ್ರೀಕರಣದ ಹೊತ್ತಿಗಷ್ಟೇ ಸಾಕಾಗುತ್ತಿದ್ದವು. ಹೊಳಪು ಇತ್ತು, ಹಿಡಿತ ಇರಲಿಲ್ಲ.

ಹಿಡಿತ ಸಿಕ್ಕಿದ್ದು 1955ರಲ್ಲಿ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ. ಲೋಹಕ್ಕೆ ಬಣ್ಣ ಹಚ್ಚುವ ಮೊದಲು ಕಾರ್ಖಾನೆಗಳಲ್ಲಿ ಅದರ ಮೇಲ್ಮೈಯನ್ನು ಫಾಸ್ಫಾರಿಕ್ ಆಮ್ಲದಿಂದ ಹದಮಾಡುತ್ತಿದ್ದರು. ಮೈಕೆಲ್ ಬುವೊನೊಕೋರ್ ಅದನ್ನೇ ಎನಾಮಲ್ ಮೇಲೆ ಪ್ರಯೋಗಿಸಿದ. ಶೇ. 85ರ ಫಾಸ್ಫಾರಿಕ್ ಆಮ್ಲವನ್ನು ಅರ್ಧ ನಿಮಿಷ ಹಚ್ಚಿ ತೊಳೆದರೆ ಎನಾಮಲ್‌ನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳು ಏಳುತ್ತವೆ. ದ್ರವರೂಪದ ರೆಸಿನ್ ಅವುಗಳಿಗೆ ಇಳಿದು ಗಟ್ಟಿಯಾದರೆ ಬಿಡದಂತೆ ಕಚ್ಚಿಕೊಳ್ಳುತ್ತದೆ. ಈಗ ಬಳಸುವ ಆಮ್ಲ ಸುಮಾರು ಶೇ. 37ರದು, ವಿಧಾನ ಬದಲಾಗಿಲ್ಲ. ಅದಕ್ಕೆ ಮೊದಲು ತುಂಬಿದ ವಸ್ತು ನಿಲ್ಲಬೇಕಾದರೆ ಹಲ್ಲನ್ನು ಒಳಗೆ ಅಗಲವಾಗಿ ಕೊರೆಯಬೇಕಿತ್ತು. ಈ ಶೋಧ ಅಂಥ ಕೊರೆತವನ್ನು ಬಹುಮಟ್ಟಿಗೆ ಅನಗತ್ಯವಾಗಿಸಿತು. ನನ್ನ ಎಣಿಕೆಯಲ್ಲಿ ಈ ಕ್ಷೇತ್ರದ ಬೇರೆಲ್ಲ ಸಾಧನೆ ಇದರ ಬಾಲವಷ್ಟೇ. ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ರೆಸಿನ್‌ನಿಂದ ಇಂದಿನ ಹಲ್ಲಿನ ಬಣ್ಣದ ಕಾಂಪೋಸಿಟ್ ಸಿಮೆಂಟು ಬಂತು. 1983ರಲ್ಲಿ ಸೈಮನ್‌ಸನ್ ಮತ್ತು ಕಲಾಮಿಯ ಪಿಂಗಾಣಿಯ ಒಳಮೈಯನ್ನೂ ಆಮ್ಲದಿಂದ ಹದಮಾಡಬಹುದೆಂದು ತೋರಿಸಿದ ಮೇಲೆ ಪಿಂಕಸ್‌ನ ತೆಳು ಹೊದಿಕೆ ಕಾಯಂ ಚಿಕಿತ್ಸೆಯಾಯಿತು.

ಚಿಕಿತ್ಸೆಗಳು

ಎನಾಮಲ್‌ಗೆ ಏನೂ ಖರ್ಚಿಲ್ಲದ್ದು ಕ್ಲೀನಿಂಗ್. ಗಟ್ಟಿಗಟ್ಟಿದ ಪಾಚಿ ತೆಗೆದು ಪಾಲಿಶ್ ಮಾಡಿದರೆ ಕಾಫಿ-ಎಲೆಅಡಿಕೆಯ ಕಲೆ ಬಹಳಷ್ಟು ಹೋಗುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಅಲುಗಾಡುತ್ತದೆ ಎಂಬ ಭಯ ಊರೂರಲ್ಲಿದೆ. ವಾಸ್ತವದಲ್ಲಿ ಹಲ್ಲು ಸಡಿಲಾಗಿರುವುದು ಪಾಚಿಯಿಂದ ವಸಡು, ಮೂಳೆ ಕರಗಿದ್ದರಿಂದ. ಪಾಚಿ ಹೋದಾಗ ಅದು ಗೊತ್ತಾಗುತ್ತದೆ, ಅಷ್ಟೆ. ಇದಕ್ಕೆ ಬದಲಾಗಿ ಮನೆಯಲ್ಲಿ ಇದ್ದಿಲ ಪುಡಿ, ಉಪ್ಪು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಕಲೆಯ ಜೊತೆಗೆ ಎನಾಮಲ್ಲೂ ಸವೆಯುತ್ತದೆ, ಅಡಿಯ ಹಳದಿ ಮುಂದೆ ಬರುತ್ತದೆ. ಇದ್ದಿಲಿನ ಪೇಸ್ಟು ಈಚೆಗೆ ಕಪ್ಪು ಟ್ಯೂಬಿನಲ್ಲಿ ಮರಳಿ ಬಂದಿದೆ. ಹೊಸ ಬೆಲೆ, ಹಳೆಯ ದೋಷ.

ಅನಂತರದ್ದು ಬ್ಲೀಚಿಂಗ್. ಹೈಡ್ರೋಜನ್ ಪೆರಾಕ್ಸೈಡ್ ಎನಾಮಲ್ ಮೂಲಕ ಒಳಗಿಳಿದು ಬಣ್ಣದ ದೊಡ್ಡ ಅಣುಗಳನ್ನು ಒಡೆಯುತ್ತದೆ. ಹಲ್ಲಿನ ಅಚ್ಚಿನಿಂದ ಮಾಡಿದ ಟ್ರೇಯಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ತುಂಬಿ ರಾತ್ರಿಯಿಡೀ ಹಾಕಿಕೊಳ್ಳುವ ವಿಧಾನವನ್ನು 1989ರಲ್ಲಿ ಹೇವುಡ್ ಮತ್ತು ಹೇಮನ್ ಪ್ರಕಟಿಸಿದರು. ಅದರಿಂದ ಹೊಮ್ಮುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇ. 3.5 ಮಾತ್ರ. ಕ್ಲಿನಿಕ್ಕಿನಲ್ಲಿ ಒಂದೇ ಭೇಟಿಯಲ್ಲಿ ಮುಗಿಸುವ ವಿಧಾನಕ್ಕೆ ಇದರ ಹತ್ತು ಪಟ್ಟು ತೀಕ್ಷ್ಣವಾದ ಜೆಲ್ ಬೇಕು. ಹಾಗಾಗಿಯೇ ವಸಡಿಗೆ ರಕ್ಷಾಪದರ ಹಾಕುತ್ತಾರೆ. ಕೆಲ ದಿನ ಹಲ್ಲು ಜುಮ್ಮೆನ್ನುವುದು ಸಾಮಾನ್ಯ. ಕ್ಯಾಪ್, ಸಿಮೆಂಟು ಇದರಿಂದ ಬೆಳ್ಳಗಾಗುವುದಿಲ್ಲವಾದ್ದರಿಂದ ಸುತ್ತಲ ಹಲ್ಲು ಬಿಳುಪಾದಾಗ ಹಳೆಯ ಸಿಮೆಂಟು ಎದ್ದು ಕಾಣುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2012ರಿಂದ ಶೇ. 0.1ಕ್ಕಿಂತ ಹೆಚ್ಚು, ಶೇ. 6ರವರೆಗಿನ ಪೆರಾಕ್ಸೈಡ್ ಇರುವ ಬ್ಲೀಚಿಂಗ್ ವಸ್ತುಗಳನ್ನು ದಂತವೈದ್ಯರ ಮೂಲಕವಷ್ಟೇ ಕೊಡಬೇಕು, 18 ವರ್ಷದೊಳಗಿನವರಿಗೆ ಕೊಡುವಂತಿಲ್ಲ.

ಸಂದು ಬಿಟ್ಟ ಅಥವಾ ಚೂರು ಮುರಿದ ಹಲ್ಲಿಗೆ ಕಾಂಪೋಸಿಟ್ ಹಚ್ಚಿ, ನೀಲಿ ಬೆಳಕು ಹಾಯಿಸಿ ಗಟ್ಟಿಮಾಡಿ ಆಕಾರ ಕೊಡುವುದು ಬಾಂಡಿಂಗ್. ಒಂದೇ ಭೇಟಿಯಲ್ಲಿ ಮುಗಿಯುತ್ತದೆ, ಹಲ್ಲನ್ನು ಹೆಚ್ಚುಕಡಿಮೆ ಉಜ್ಜುವುದೇ ಇಲ್ಲ. ಕೆಲವು ವರ್ಷಗಳಲ್ಲಿ ಬಣ್ಣ ಕುಂದುತ್ತದೆ, ಅಂಚು ಚಿಪ್ಪೇಳಬಹುದು. ಆದರೆ ಅದನ್ನು ರಿಪೇರಿ ಮಾಡಬಹುದು.

ವಿನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಪಿಂಗಾಣಿಯ ತೆಳು ಹಾಳೆ, ಸಾಮಾನ್ಯವಾಗಿ 0.3ರಿಂದ 0.7 ಮಿ.ಮೀ. ದಪ್ಪ. ಅದು ಕೂರಲು ಅಷ್ಟೇ ಎನಾಮಲ್ ತೆಗೆಯಬೇಕಾಗುತ್ತದೆ. ಎನಾಮಲ್ ಮೇಲೆ ಅಂಟಿದ ವಿನೀರ್ ದೀರ್ಘಕಾಲ ನಿಲ್ಲುತ್ತದೆ. ಉಜ್ಜುತ್ತ ಡೆಂಟಿನ್ ತಲುಪಿಬಿಟ್ಟರೆ ಹಿಡಿತ ಸಡಿಲ. ಇನ್ನೂ ಮುಂದೆ ಹೋಗಿ ಇಡೀ ಹಲ್ಲನ್ನು ಸುತ್ತಲೂ ಸವೆಸಿ ಹಾಕುವುದು ಕ್ಯಾಪ್. ರೂಟ್ ಕೆನಾಲ್ ಆದ, ಬಹುಭಾಗ ಹಾಳಾದ ಹಲ್ಲಿಗೆ ಅದು ವರವೇ. ಗಟ್ಟಿಮುಟ್ಟಾದ ಹಲ್ಲುಗಳನ್ನು ಬರೀ ಬಿಳುಪಿಗಾಗಿ ಮೊಳೆಯಷ್ಟಾಗಿಸಿ ಎರಡೂ ಸಾಲಿಗೆ ಕ್ಯಾಪ್ ಹಾಕುವ ಪ್ಯಾಕೇಜುಗಳು ಮಾತ್ರ ಬೇರೆ ವಿಚಾರ. ಇಂಥ ಚಿಕಿತ್ಸೆಗೆ ಬ್ರಿಟನ್ನಿಂದ ಟರ್ಕಿಗೆ ವಿಮಾನ ಹತ್ತುವವರ ಹಲ್ಲಿಗೆ ಬ್ರಿಟಿಷ್ ಪತ್ರಿಕೆಗಳು 'ಟರ್ಕಿ ಹಲ್ಲು' ಎಂದೇ ಹೆಸರಿಟ್ಟಿವೆ. ಇಪ್ಪತ್ತೈದರ ವಯಸ್ಸಿನಲ್ಲಿ ಹಾಕಿಸಿದ ಕ್ಯಾಪನ್ನು ಆಯುಷ್ಯದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬದಲಿಸಬೇಕಾದೀತು.

ಈ ಅಗ್ಗ-ದುಬಾರಿಯ ಸಾಲಿಗೆ ಹೊರತಾಗಿ, ವಕ್ರ ಅಥವಾ ಉಬ್ಬು ಹಲ್ಲಿಗೆ ಹಲ್ಲನ್ನೇ ಸರಿಸುವ ಕ್ಲಿಪ್ ಚಿಕಿತ್ಸೆ ಇದೆ. ಒಂದೂವರೆ-ಎರಡು ವರ್ಷ ಹಿಡಿಯುತ್ತದೆ, ಮುಗಿದ ಮೇಲೂ ಸಾಲು ಹಿಂದೆ ಸರಿಯದಂತೆ ರಿಟೇನರ್ ಹಾಕಿಕೊಳ್ಳಬೇಕು. ಕ್ಲಿಪ್ಪಿನ ಬದಲಿಗೆ ಹಾಕುವ ಪಾರದರ್ಶಕ ಅಲೈನರ್‌ಗಳ ಬಳಕೆ 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಆರಂಭವಾಯಿತು. ಸಮಯ ಕೇಳಿದರೂ ಹಲ್ಲನ್ನು ಕೇಳದ ಚಿಕಿತ್ಸೆ ಇದು. ಮದುವೆಗೆ ತಿಂಗಳಿದೆ ಎನ್ನುವಾಗ ಅವಸರಕ್ಕೆ ವಿನೀರ್ ಹಾಕಿ ವಕ್ರ ಮುಚ್ಚುವವರು ಸಮಯದ ಬದಲು ಎನಾಮಲ್ ತೆರುತ್ತಾರೆ.

ಹೊಸ ವರ್ಷಕ್ಕೋ ಮದುವೆಗೋ ಯೋಜನೆ ಹಾಕುವವರಿಗೆ ಸರದಿ ಮುಖ್ಯ. ಮೊದಲು ಹುಳುಕು, ವಸಡಿನ ಕಾಯಿಲೆ ವಾಸಿಯಾಗಬೇಕು. ಕ್ಲಿಪ್ ಬೇಕಿದ್ದರೆ ಅದು ಮುಗಿಯಬೇಕು. ಆಮೇಲೆ ಬ್ಲೀಚಿಂಗ್, ಬಂದ ಬಣ್ಣಕ್ಕೆ ಹೊಂದಿಸಿ ಕೊನೆಗೆ ಬಾಂಡಿಂಗ್ ಅಥವಾ ವಿನೀರ್. ಬ್ಲೀಚಿಂಗ್ ಆದ ಮೇಲೆ ಸುಮಾರು ಎರಡು ವಾರ ಬಿಡಲೇಬೇಕು. ಹಲ್ಲಿನಲ್ಲಿ ಉಳಿದ ಆಮ್ಲಜನಕ ರೆಸಿನ್ ಗಟ್ಟಿಯಾಗುವುದಕ್ಕೆ ಅಡ್ಡಿಮಾಡಿ ಅಂಟನ್ನು ದುರ್ಬಲಗೊಳಿಸುತ್ತದೆ.

ಫ್ಲೋರೋಸಿಸ್ ಕಲೆ

ಕರ್ನಾಟಕದ ಮಟ್ಟಿಗೆ ಈ ಚಿಕಿತ್ಸೆ ಶೋಕಿಯ ಮಾತಲ್ಲ ಎನ್ನಲು ಕಾರಣ ಕೊಳವೆಬಾವಿಯ ನೀರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗದಗ ಮುಂತಾದ ಒಣಸೀಮೆಯ ಎಷ್ಟೋ ಊರುಗಳಲ್ಲಿ ಗಟ್ಟಿಶಿಲೆಯ ಆಳದ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಹೆಚ್ಚಾದರೆ ರೂಪುಗೊಳ್ಳುತ್ತಿರುವ ಎನಾಮಲ್ ರಂಧ್ರಮಯವಾಗಿ ಸುಣ್ಣದ ಬಿಳಿ ಮಚ್ಚೆ, ಮುಂದೆ ಕಂದು ಕಲೆ, ತೀವ್ರವಾದಾಗ ಕುಳಿ; ಇದೇ ಹಲ್ಲಿನ ಫ್ಲೋರೋಸಿಸ್. ತಂಬಾಕು ಮುಟ್ಟದ ಹುಡುಗಿಯೂ ಇದರಿಂದ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. ಹಲ್ಲುಜ್ಜುವುದಿಲ್ಲವೆಂಬ ಆರೋಪ ಬೇರೆ.

ಈ ಕಲೆಯ ಮೂಲ ತಿಳಿಯಲು ಮೂರು ದಶಕ ಹಿಡಿದವು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನ ಜನರ ಕಂದು ಹಲ್ಲುಗಳ ಬೆನ್ನು ಹತ್ತಿದ. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಜ್ಞ ಚರ್ಚಿಲ್, ಅಂಥದೇ ಹಲ್ಲುಗಳಿದ್ದ ಇನ್ನೊಂದು ಊರಿನ ನೀರಿನಲ್ಲಿ ಫ್ಲೋರೈಡನ್ನು ಪತ್ತೆಮಾಡಿದ. ಭಾರತದಲ್ಲಿ ಫ್ಲೋರೋಸಿಸ್ 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವರದಿಯಾಯಿತು.

ಕಲೆ ಮೇಲ್ಪದರದಲ್ಲಿದ್ದರೆ ಆಮ್ಲ ಮತ್ತು ಪ್ಯೂಮಿಸ್ ಪುಡಿಯ ಲೇಪದಿಂದ ತಿಕ್ಕಿ ತೆಗೆಯುವ ಮೈಕ್ರೊಅಬ್ರೇಶನ್ ಇದೆ. 1986ರಲ್ಲಿ ಕ್ರೋಲ್ ಮತ್ತು ಕ್ಯಾವನಾ ಶೇ. 18ರ ಹೈಡ್ರೋಕ್ಲೋರಿಕ್ ಆಮ್ಲದಿಂದ ಇದನ್ನು ರೂಢಿಗೆ ತಂದರು. ಈಗಿನ ಲೇಪಗಳು ಅದಕ್ಕಿಂತ ಸೌಮ್ಯ. ಹೋಗುವ ಎನಾಮಲ್ ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲು. ಬ್ಲೀಚಿಂಗ್‌ನಿಂದ ಕಂದು ಮಾಸುತ್ತದೆ, ಬಿಳಿ ಮಚ್ಚೆ ಮಾತ್ರ ಉಳಿಯುತ್ತದೆ. ಅದಕ್ಕೆ ರೆಸಿನ್ ಇಳಿಸುವ ವಿಧಾನ 2009ರ ಸುಮಾರಿಗೆ ಬಂತು. ಗಟ್ಟಿ ಎನಾಮಲ್‌ನ ವಕ್ರೀಭವನಾಂಕ ಸುಮಾರು 1.62, ಮಚ್ಚೆಯ ರಂಧ್ರಗಳೊಳಗಿನ ಗಾಳಿಯದು 1. ಈ ವ್ಯತ್ಯಾಸದಿಂದ ಬೆಳಕು ಚೆದುರಿ ಮಚ್ಚೆ ಬೆಳ್ಳಗೆ ಕಾಣುತ್ತದೆ. ಆಮ್ಲದಿಂದ ಮೇಲ್ಮೈ ತೆರೆದು, ಒಣಗಿಸಿ, ತೀರ ತೆಳುವಾದ ರೆಸಿನ್ (1.52) ಇಳಿಸಿದರೆ ವ್ಯತ್ಯಾಸ ತಗ್ಗಿ, ಮಬ್ಬು ಗಾಜಿಗೆ ಎಣ್ಣೆ ಸವರಿದಾಗ ಆಗುವಂತೆ ಮಚ್ಚೆ ಸುತ್ತಲಿನೊಂದಿಗೆ ಬೆರೆಯುತ್ತದೆ. ಕುಳಿ ಬಿದ್ದ ಹಲ್ಲಿಗೆ ಕಾಂಪೋಸಿಟ್ ಅಥವಾ ವಿನೀರ್ ಬೇಕು. ಫ್ಲೋರೋಸಿಸ್ ಎನಾಮಲ್‌ನ ತೀರ ಹೊರಪದರ ಆಮ್ಲಕ್ಕೆ ಬೇಗ ಜಗ್ಗುವುದಿಲ್ಲವಾದ್ದರಿಂದ ಹದಮಾಡುವ ಸಮಯವನ್ನು ಹೆಚ್ಚಿಸಬೇಕಾಗುತ್ತದೆ.

ನಗುವಾಗ ಎದ್ದು ಕಾಣುವ ಕಾಯಂ ಮುಂದಿನ ಹಲ್ಲುಗಳ ಎನಾಮಲ್ ಮಗುವಿಗೆ ನಾಲ್ಕೈದು ವರ್ಷ ತುಂಬುವಷ್ಟರಲ್ಲಿ ಕಟ್ಟಿ ಮುಗಿದಿರುತ್ತದೆ; ಹಲ್ಲು ಹುಟ್ಟುವುದು ಏಳೆಂಟರಲ್ಲಿ. ಕಲೆ ಕಂಡ ಮೇಲೆ ನೀರು ಬದಲಿಸಿದರೆ ಆ ಹಲ್ಲುಗಳಿಗೆ ಪ್ರಯೋಜನವಿಲ್ಲ, ಇನ್ನೂ ರೂಪುಗೊಳ್ಳುತ್ತಿರುವ ಹಿಂದಿನ ಹಲ್ಲುಗಳಿಗೆ ಇದೆ.