ಗುಣವಾದರೂ ಪಾಸಿಟಿವ್
ಸಿಫಿಲಿಸ್ ಪತ್ತೆಯ ವಿಡಿಆರ್‌ಎಲ್ ರಕ್ತಪರೀಕ್ಷೆಯ ಫಲಕವನ್ನು ನಾಲ್ಕು ನಿಮಿಷ ತಿರುಗಿಸಿ ಸೂಕ್ಷ್ಮದರ್ಶಕದಡಿ ಇಟ್ಟಾಗೆಲ್ಲ ನನಗೆ 1906ರ ಬರ್ಲಿನ್ ನೆನಪಾಗುತ್ತದೆ. ಅಲ್ಲಿ ವಿಜ್ಞಾನಿ ವಾಸರ್ಮನ್ ಮತ್ತು ಸಂಗಡಿಗರು ಸಿಫಿಲಿಸ್ ತಗುಲಿದ ಭ್ರೂಣದ ಯಕೃತ್ತಿನ ಸಾರದಿಂದ ರಕ್ತ ಪರೀಕ್ಷಿಸಿದರು. ರೋಗಾಣುವಿನ ಜಾಡೇ ಸಿಕ್ಕಿತೆಂಬ ನಂಬಿಕೆ. ಆದರೆ ಆರೋಗ್ಯವಂತ ದನದ ಹೃದಯದ ಸಾರವೂ ಅದೇ ಫಲ ಕೊಟ್ಟಿತು! ಅದರಿಂದ 1941ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಬೇರ್ಪಡಿಸಿದ ಕಾರ್ಡಿಯೋಲಿಪಿನ್ ಇಂದಿಗೂ ನನ್ನ ಫಲಕದ ಹನಿಯಲ್ಲಿದೆ.

ರೋಗಾಣುವನ್ನೇ ಬಳಸುವ ಪರೀಕ್ಷೆ ಬಂದದ್ದು 1949ರಲ್ಲಿ, ನೆಲ್ಸನ್ ಮತ್ತು ಮೇಯರ್ ಅವರಿಂದ. ಟಿಪಿಎಚ್‌ಎ ಪರೀಕ್ಷೆ ಆ ವಂಶದ್ದೇ. ಅದು ಹಿಡಿಯುವ ಪ್ರತಿಕಾಯಗಳು ಪೆನಿಸಿಲಿನ್‌ನಿಂದ ಗುಣವಾದ ಮೇಲೂ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತವೆ. ಟಿಪಿಎಚ್‌ಎ ಪಾಸಿಟಿವ್ ಎಂಬ ಚೀಟಿ ಹಿಡಿದು ಕಣ್ಣೀರಿಡುವವರಿಗೆ ನಾನು ಹಳೆಯ ವಿಡಿಆರ್‌ಎಲ್ ವರದಿ ತರಹೇಳುತ್ತೇನೆ. ಅದರಲ್ಲಿ 1:32 ಇದ್ದ ಟೈಟರ್ (ಪ್ರತಿಕಾಯ ಮಟ್ಟ) ಈಗ 1:8ಕ್ಕೆ ಇಳಿದಿದ್ದರೆ ಚಿಕಿತ್ಸೆ ಫಲಿಸಿದೆ; ಮತ್ತೆ ನಾಲ್ಕು ಪಟ್ಟು ಏರಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.