ಅಟ್ಟದ ಮೇಲಿನ ಮದ್ದು

ಕಳೆದ ಬೇಸಿಗೆಯಲ್ಲಿ ಹೊಸನಗರ ಕಡೆಯ ನಮ್ಮ ಹಳೆ ಮನೆಯ ಹೆಂಚು ಇಳಿಸುವಾಗ ಅಟ್ಟದ ಮೂಲೆಯಲ್ಲಿ ತಗಡಿನ ಡಬ್ಬಿಯೊಂದು ಸಿಕ್ಕಿತು. ಅಜ್ಜನ ಕೇಪಿನ ಕೋವಿಯ ಮದ್ದು. ಅಜ್ಜ ಹೋದ ಮೇಲೆ ಅಪ್ಪ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದರು, ಡಬ್ಬಿ ಮರೆತುಹೋಗಿತ್ತು. ನಲವತ್ತು ವರ್ಷದ ಮೇಲೆ ಅದರಲ್ಲಿ ಏನು ಉಳಿದಿರುತ್ತದೆ ಎಂದುಕೊಂಡು, ಎಂ.ಟೆಕ್ ಓದಿದ ನಾನು ಅದನ್ನು ಕಸದ ಜೊತೆ ಬಚ್ಚಲೊಲೆಗೆ ಹಾಕಲು ಹೊರಟಿದ್ದೆ. ಪಕ್ಕದ ಮನೆಯ ಹಿರಿಯರು ಅಂಗಳದಿಂದಲೇ ಕೂಗಿದರು: "ಮದ್ದಿಗೆ ವಯಸ್ಸಾಗ್ತದೇನೋ ಮಾರಾಯ?"

ಆಗುವುದಿಲ್ಲ. ಹೊಗೆರಹಿತ ಆಧುನಿಕ ಮದ್ದು ಕಾಲಕ್ರಮೇಣ ತಾನಾಗಿ ಕೆಡುತ್ತದೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ಹಾಗಲ್ಲ. ಒಣಗಿದ್ದರೆ ತಲೆಮಾರು ಕಳೆದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಭುಸ್ಸೆಂದು ಉರಿಯುವುದು, ಮುಚ್ಚಿದ ಡಬ್ಬಿಯಲ್ಲಿ ಸಿಡಿಯುತ್ತದೆ. ಡಬ್ಬಿಯ ಮುಚ್ಚಳ ತೆಗೆಯದೆ ಹೊರಗೆ ನೆರಳಲ್ಲಿಟ್ಟು ಠಾಣೆಗೆ ತಿಳಿಸಿದೆವು. ಅವರು ಬಂದು ಒಯ್ದರು.

ಹಿಂಜವಾಡಿಗೆ ಮರಳಿದ ಮೇಲೂ ಆ ಡಬ್ಬಿ ತಲೆಯಿಂದ ಇಳಿಯಲಿಲ್ಲ. ಮದ್ದು ಕಾಪಿಡುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನೋಡಿದವರಿಗೆ ಅವುಗಳ ದಪ್ಪ ಗೋಡೆ ನೆನಪಿರುತ್ತದೆ. ಅಂಥದೊಂದನ್ನು 2017ರಲ್ಲಿ ಜೋಡಿ ರೈಲುಹಳಿಗಾಗಿ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ಅಷ್ಟು ಎಚ್ಚರ ಯಾಕೆ ಎಂಬುದಕ್ಕೆ ಉತ್ತರವೂ ಅದೇ ಊರಲ್ಲಿದೆ. 1799ರ ಮೇ 2ರಂದು ಬ್ರಿಟಿಷರ ಗುಂಡು ತಗುಲಿ ಕೋಟೆಯೊಳಗಿನ ರಾಕೆಟ್ ಉಗ್ರಾಣ ಸಿಡಿಯಿತು. ಎರಡೇ ದಿನದಲ್ಲಿ ಕೋಟೆ ಬಿತ್ತು. ನಮ್ಮ ಮನೆಗೆ ಇನ್ನೂ ಹತ್ತಿರದ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರ ಜುಲೈಯಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಅಗೆಯುವವರಿಗೆ ಸುಳಿವು ಕೊಟ್ಟದ್ದು ಮಣ್ಣಿನಿಂದ ಬಂದ ಮದ್ದಿನ ವಾಸನೆ.

ಅರಸರ ಮದ್ದಿಗೆ ಕಟ್ಟಡವಿತ್ತು, ಕಾವಲಿತ್ತು. ರೈತನ ಮನೆಯ ಮದ್ದಿಗೆ ಇದ್ದದ್ದು ಕಟ್ಟಳೆ ಮಾತ್ರ. ನಮ್ಮ ಮನೆಯಲ್ಲಿ ಮದ್ದು ಅಟ್ಟದ ಒಂದು ತುದಿ, ಕೇಪು ಇನ್ನೊಂದು ತುದಿ. ಅಡುಗೆಮನೆಯ ಮೇಲಿನ ಅಟ್ಟದಲ್ಲಂತೂ ಕೂಡದು. ಅಳೆಯುವುದಕ್ಕೆ ಬಿದಿರಿನ ಅಂಡೆ, ಕಬ್ಬಿಣ ಮುಟ್ಟಿಸುವಂತಿಲ್ಲ. ದೀಪ ಹಚ್ಚಿದ ಮೇಲೆ ಡಬ್ಬಿ ಇಳಿಸುವಂತಿಲ್ಲ. ಇವನ್ನೆಲ್ಲ ನಾವು ಮಡಿ-ಮೈಲಿಗೆಯ ಸಾಲಿಗೆ ಸೇರಿಸಿ ನಕ್ಕವರು. ಕೇಪು ಪೆಟ್ಟಿಗೆ ಸಿಡಿಯುವ ವಸ್ತು, ಕಬ್ಬಿಣ ಕಿಡಿ ಕೊಡಬಲ್ಲದು ಎಂದು ಈಗ ಯೋಚಿಸಿದರೆ ಒಂದೊಂದು ಕಟ್ಟಳೆಗೂ ಕಾರಣವಿದೆ. ಕಾರಣವನ್ನು ಅಜ್ಜ ಹೇಳಲಿಲ್ಲ, ನಾವು ಕೇಳಲಿಲ್ಲ.

ಕೊಡಗಿನಲ್ಲಿ ಮಾತ್ರ ಆ ಕೊಂಡಿ ಕಳಚಿಲ್ಲ. 1857ರ ದಂಗೆಯ ನಂತರ ದೇಶದ ಜನರಿಂದ ಆಯುಧ ಕಿತ್ತುಕೊಳ್ಳುತ್ತಿದ್ದಾಗ, 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಲಾಯಿತು. ಅಲ್ಲಿ ಕೈಲ್‌ಪೊಳ್ದಿನಂದು ಕೋವಿಗೆ ಹೂವಿಟ್ಟು ಪೂಜೆ. ಪುತ್ತರಿಯ ಕದಿರು ಕೊಯ್ಯುವಾಗ ಗುಂಡು. ವರ್ಷಕ್ಕೊಮ್ಮೆಯಾದರೂ ಹಿರಿಯರ ಕೈಯಿಂದ ಕಿರಿಯರ ಕೈಗೆ ಕೋವಿ ದಾಟುತ್ತದೆ, ಅದರ ಜೊತೆ ಎಚ್ಚರವೂ.

ನಮ್ಮಲ್ಲಿ ದಾಟಲಿಲ್ಲ. ಹಂದಿ-ಮಂಗ ಓಡಿಸುವ ಬೆಳೆ ರಕ್ಷಣೆಯ ಕೋವಿ ಊರಲ್ಲಿ ಈಗಲೂ ಇದೆ, ಚುನಾವಣೆ ಬಂದಾಗ ಠಾಣೆ ಸೇರಿ ಮತ್ತೆ ಮನೆಗೆ ಬರುತ್ತದೆ. ಆದರೆ ನಾನು, ತಮ್ಮ, ಚಿಕ್ಕಪ್ಪನ ಮಕ್ಕಳು ಎಲ್ಲರೂ ಪುಣೆ, ಬೆಂಗಳೂರು ಎಂದು ಹೊರಟೆವು. ಹಿಂಜವಾಡಿಯಿಂದ ಖಡಕಿಗೆ ಹೋದಾಗಲೆಲ್ಲ 1869ರಲ್ಲಿ ಶುರುವಾದ ಅಲ್ಲಿನ ಮದ್ದುಗುಂಡು ಕಾರ್ಖಾನೆಯ ಉದ್ದನೆಯ ಗೋಡೆ ನೋಡುತ್ತೇನೆ. ಮದ್ದು ಈಗ ಅಂಥ ಗೋಡೆಗಳೊಳಗಿನ ವಸ್ತು, ನಮಗೆ ಸಂಬಂಧಿಸಿದ್ದಲ್ಲ ಎಂದೇ ನಂಬಿದ್ದೆ.

ನಿಮ್ಮ ಊರಮನೆಯ ಅಟ್ಟದಲ್ಲೂ ಇಂಥ ಡಬ್ಬಿ ಇರಬಹುದು. ತೆರೆಯಬೇಡಿ, ಸುಡಬೇಡಿ, ಠಾಣೆಗೆ ತಿಳಿಸಿ. ಅದಕ್ಕೂ ಮೊದಲು, ಅದನ್ನು ಅಲ್ಲೇ ಯಾಕೆ ಇಟ್ಟರು ಎಂದು ಹೇಳಬಲ್ಲವರು ಇದ್ದರೆ ಕೇಳಿಟ್ಟುಕೊಳ್ಳಿ. ನನ್ನನ್ನು ತಡೆದ ಹಿರಿಯರಿಗೆ ಈಗ ಎಂಬತ್ತೆಂಟು.